ಕೊಟ್ಟಿಗೆಗೆ ಬಂದ ಕಂಪ್ರೆಸರ್

ಆಗುವುದೇ ಇಲ್ಲ ಎಂದವರು ನಮ್ಮ ಸೋದರಮಾವ. ಜೀವಮಾನವೆಲ್ಲ ಲಾರಿ ಓಡಿಸಿದವರು, ಕೆಟ್ಟು ನಿಂತ ಲಾರಿಯನ್ನು ದಾರಿಬದಿಯಲ್ಲೇ ಬಿಚ್ಚಿ ಜೋಡಿಸಿದವರು. ಈಗ ಬೋಗಾದಿಯಲ್ಲಿ ನಮ್ಮ ಮನೆಯ ಎದುರಿಗೇ ಇದ್ದಾರೆ. ನಾನು ವಿಷಯ ಹೇಳಿದಾಗ ಅವರು ಕಾಫಿ ಲೋಟ ಕೆಳಗಿಟ್ಟು ನಕ್ಕರು.

"ಗ್ಯಾರೇಜ್‌ನೋರೇ ಕೈ ಎತ್ಬುಟ್ಟಿರೋ ಗಾಡಿನ ನೀನು ಮನೇಲಿ ರೆಡಿ ಮಾಡ್ತೀಯಾ? ಅದೂ ಆಟದ ಸಾಮಾನಿನಂಗಿರೋ ಏರ್ ಟೂಲ್ಸ್ ತಂದು? ಆಗಕ್ಕಿಲ್ಲ ಕಣವ್ವ. ಗಾಳಿ ಕೆಲ್ಸ ಅಂದ್ರೆ ಬಲೂನ್ ಊದೋದಲ್ಲ."

ಗಾಡಿ ನನ್ನ ಅಕ್ಕನದು. ಅಕ್ಕ ಇಡ್ಲಿ ದೋಸೆ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡಿ ಬೋಗಾದಿಯಿಂದ ಒಂಟಿಕೊಪ್ಪಲ್‌ವರೆಗೆ ಅಂಗಡಿಗಳಿಗೆ ಹಾಕುತ್ತಾಳೆ. ಅನೇಕ ವರ್ಷ ಬೇರೆಯವರ ವ್ಯಾನನ್ನು ಬಾಡಿಗೆಗೆ ಓಡಿಸಿದಳು. ಆ ಮಾಲೀಕರು ಊರು ಬಿಡುವಾಗ ಅದೇ ವ್ಯಾನನ್ನು ಕೊಂಡುಕೊಂಡು ತನ್ನ ಹೆಸರಿಗೆ ಮಾಡಿಸಿಕೊಂಡಳು. ಅದಾದ ಸ್ವಲ್ಪ ದಿನಕ್ಕೇ ಗಾಡಿ ರಸ್ತೆಗೆ ಯೋಗ್ಯ ಎಂಬ ಪತ್ರ, ಎಲ್ಲರೂ ಎಫ್‌ಸಿ ಅನ್ನುತ್ತಾರಲ್ಲ, ಅದರ ಅವಧಿ ಮುಗಿಯಿತು. ತಪಾಸಣೆಗೆ ಒಯ್ದಾಗ ಇನ್‌ಸ್ಪೆಕ್ಟರ್ ಬಗ್ಗಿ, ಸ್ಕ್ರೂಡ್ರೈವರ್ ತುದಿಯಿಂದ ವ್ಯಾನಿನ ನೆಲವನ್ನು ಚುಚ್ಚಿದರು. ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯಿತು.

"ಏನಮ್ಮ, ನೆಲಾನೇ ಇಲ್ವಲ್ಲ ನಿಮ್ಮ ಗಾಡೀಲಿ?" ಎಂದರು. ನೆಲ, ಹಿಂದಿನ ಎಡಗಡೆಯ ಬ್ರೇಕು, ಹೊಪ್ಪಳೆ ಎದ್ದ ಪೇಂಟು, ಇಷ್ಟೂ ಸರಿಮಾಡಿಸಿ ಗಡುವಿನೊಳಗೆ ತನ್ನಿ, ಇಲ್ಲದಿದ್ದರೆ ಓಡಿಸಬೇಡಿ ಎಂದು ವಾಪಸು ಕಳಿಸಿದರು. ಬಡಾವಣೆಯ ಗ್ಯಾರೇಜಿನವನು ಸುತ್ತ ಒಂದು ಸಲ ನೋಡಿ, ಗುಜರಿಗೆ ಹಾಕಿ ಅಕ್ಕ ಎಂದ.

ಅಷ್ಟರಲ್ಲಿ ಅಕ್ಕ ಆಟೋದಲ್ಲಿ ಹಿಟ್ಟು ಸಾಗಿಸತೊಡಗಿದ್ದಳು. ಹಳ್ಳ ಹಾರಿದಾಗೆಲ್ಲ ಪ್ಯಾಕೆಟ್ ಒಡೆಯುತ್ತಿತ್ತು, ತಲುಪುವುದು ತಡವಾಗುತ್ತಿತ್ತು. ಅಂಗಡಿಯ ಫ್ರಿಜ್ಜಿನಲ್ಲಿ ಖಾಲಿ ಜಾಗವೆಂಬುದು ಇರುವುದಿಲ್ಲ. ನಾವು ತಡಮಾಡಿದರೆ ಇನ್ನೊಬ್ಬರ ಹಿಟ್ಟು ಬಂದು ಕೂರುತ್ತದೆ. ಒಂಟಿಕೊಪ್ಪಲಿನ ಎರಡು ಅಂಗಡಿಗಳಲ್ಲಿ ಆಗಲೇ ಕೂತಿತ್ತು. ವ್ಯಾನ್ ಹೋದರೆ ಅಕ್ಕ ಕಟ್ಟಿಕೊಂಡದ್ದೆಲ್ಲ ಹೋಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಮಾಡುತ್ತೇನೆ ಎಂದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಹಗಲು ಕಡಕೊಳದ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ, ಸಂಜೆ ಕಾಲೇಜು, ಹಾಗೆ ಗಳಿಸಿದ ಬಿ.ಇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಏರ್ ಟೂಲ್, ಅಂದರೆ ಗಾಳಿಯ ಒತ್ತಡದಿಂದ ಓಡುವ ಉಪಕರಣ, ನನಗೆ ದಿನನಿತ್ಯದ ಸಾಮಾನು. ನನಗೆ ಸಿಗುವುದು ಭಾನುವಾರಗಳು ಮತ್ತು ಡ್ಯೂಟಿ ಮುಗಿದ ಮೇಲಿನ ಬೆಳಕಷ್ಟೇ. ತುಕ್ಕು ಹಿಡಿದ ನಟ್ಟುಗಳ ಜೊತೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಗುದ್ದಾಡುತ್ತ ಕೂತರೆ ಗಡುವು ದಾಟುವುದು ಖಂಡಿತ. ಹಸು ಕಟ್ಟುತ್ತಿದ್ದ ಕೊಟ್ಟಿಗೆ ಖಾಲಿ ಇತ್ತು. ವ್ಯಾನ್ ಅದರೊಳಗೆ ಸರಿಯಾಗಿ ಹಿಡಿಯಿತು.

ಅಶೋಕ ರಸ್ತೆಯ ಒಳಗಿನ ಒಂದು ಸಣ್ಣ ಅಂಗಡಿಗೆ ಅಕ್ಕ, ನಾನು ಇಬ್ಬರೂ ಹೋದೆವು.

"ಮನೆಗಾ, ಗ್ಯಾರೇಜ್‌ಗಾ ಮೇಡಂ?" ಅಂಗಡಿಯವರು ಕೇಳಿದರು.

"ಮನೇಲಿರೋ ಗ್ಯಾರೇಜ್‌ಗೆ."

"ಅಂಗಾದ್ರೆ ಇದು ಸಾಕು." ಬೆಲೆ ಎಲ್ಲಕ್ಕಿಂತ ಕಡಿಮೆ ಇದ್ದ ಸಾಲನ್ನು ತೋರಿಸಿದರು.

"ಇದಕ್ಕೆ ಗ್ಯಾರಂಟಿ ಎಷ್ಟು ದಿನ?" ಅಕ್ಕ ಕೇಳಿದಳು.

"ಅಂಗಡಿ ಬಾಗ್ಲು ದಾಟೋವರ್ಗೂ ಐತೆ ಅಮ್ಮ," ಎಂದು ಅವರೇ ನಕ್ಕರು.

ಅಗ್ಗದ ಸಾಮಾನು ಎಂದರೆ ಎಲ್ಲವೂ ಕೆಟ್ಟದ್ದಲ್ಲ, ಆರಿಸಿಕೊಳ್ಳಲು ಬರಬೇಕು. ನಟ್ಟು ಬಿಚ್ಚುವ ಇಂಪ್ಯಾಕ್ಟ್ ಗನ್‌ಗಳಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು ಮುಂದಿನ ದಂಡವನ್ನು ಬೆರಳಿನಿಂದ ತಿರುಗಿಸಿ ನೋಡಿದೆ. ಒಂದು ಒಳಗೆ ಕರಕರ ಎಂದಿತು. ಇನ್ನೊಂದರ ಟ್ರಿಗರ್ ಒತ್ತಿದರೆ ಮೇಲೇಳಲು ಯೋಚಿಸುತ್ತಿತ್ತು. ಮೂರನೆಯದನ್ನು ಇಟ್ಟುಕೊಂಡೆ. ಹಾಗೆಯೇ ತಗಡು ಕತ್ತರಿಸುವ ಗಾಳಿಯ ಉಳಿ, ಧೂಳು ಊದುವ ಗನ್, ಪೇಂಟ್ ಹೊಡೆಯುವ ಸ್ಪ್ರೇ ಗನ್, ಉಜ್ಜುವುದಕ್ಕೆ ದುಂಡನೆಯ ಸ್ಯಾಂಡರ್, ಮತ್ತು ಹಾಲಿನ ಕ್ಯಾನನ್ನು ಮಲಗಿಸಿದಷ್ಟು ಟ್ಯಾಂಕಿರುವ, ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್. ಎಲ್ಲ ಡಬ್ಬಿಗಳ ಮೇಲೂ ಒತ್ತಡದ ಅಂಕಿ ಓದಿದೆ. ಎಲ್ಲವೂ ತಾಳೆಯಾದವು. ಅದರ ಕೆಳಗಿನ ಸಾಲನ್ನು ಓದಲಿಲ್ಲ.

ಪೂಜೆ ಮಾಡದೆ ಯಂತ್ರ ಶುರು ಮಾಡಲು ಅಕ್ಕ ಬಿಡಲಿಲ್ಲ. ಕಂಪ್ರೆಸರ್‌ಗೆ ಹೂವು ಮುಡಿಸಿ, ಒತ್ತಡ ತೋರಿಸುವ ಮೀಟರಿನ ಗಾಜಿನ ನಟ್ಟನಡುವೆ ಕುಂಕುಮ ಇಟ್ಟಳು.

"ಅಕ್ಕ, ಮುಳ್ಳು ಕಾಣಬೇಕು ಕಣೆ ಅಲ್ಲಿ!"

"ಅದೇ ಅಲ್ವಾ ಅದ್ರ ಮುಖ? ಮುಖಕ್ಕೇ ತಾನೇ ಇಡೋದು?"

ಒಡೆದ ತೆಂಗಿನಕಾಯಿ ಚಟ್ನಿಗೆ ಹೋಯಿತು. ಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಟ್ಯಾಂಕ್ ತುಂಬಿತು. ಹಿಂದಿನ ಚಕ್ರದ ಮೊದಲ ನಟ್ಟಿಗೆ ಗನ್ ಇಟ್ಟು ಒತ್ತಿದೆ. ಟಕಟಕಟಕ ಎಂದು ಕೊಟ್ಟಿಗೆಯೆಲ್ಲ ತುಂಬುವ ಸದ್ದು. ನಂತರ ಟಕ್... ಟಕ್. ನಂತರ ಕೇವಲ ಉಸಿರು. ನಟ್ಟು ಅಲುಗಿರಲಿಲ್ಲ. ಕಂಪ್ರೆಸರ್ ಮತ್ತೆ ಗುಡುಗಲು ಹೋಗಿ, ಗುಂಯ್ ಎಂದು ನಿಂತೇಬಿಟ್ಟಿತು. ಮನೆಯೊಳಗೆ ಫ್ಯಾನ್ ಕೂಡ ನಿಂತಿತು.

"ಊದ್ತಾ ಊದ್ತಾ ಬಲೂನೇ ಸುಸ್ತಾಯ್ತಲ್ಲ ಕಣವ್ವ," ಎಂದರು ಮಾವ.

ಗುಂಯ್ ಎಂದದ್ದಕ್ಕೆ ಕಾರಣ ಬೇಗ ಸಿಕ್ಕಿತು. ಹಜಾರದ ಪ್ಲಗ್ಗಿನಿಂದ ಕೊಟ್ಟಿಗೆಯವರೆಗೆ ಮದುವೆ ಮನೆಯ ಸೀರಿಯಲ್ ಲೈಟಿಗೆ ಹಾಕುವಂಥ ತೆಳ್ಳನೆಯ ಎಕ್ಸ್‌ಟೆನ್ಷನ್ ವೈರು ಎಳೆದಿದ್ದೆವು. ಮುಟ್ಟಿದರೆ ಬಿಸಿ. ಮೋಟಾರಿಗೆ ಬೇಕಾದ ಕರೆಂಟು ದಾರಿಯಲ್ಲೇ ಸೊರಗುತ್ತಿತ್ತು. ಕಂಪ್ರೆಸರನ್ನೇ ಅಡುಗೆಮನೆಯ ಹಿಂದೆ, ಗ್ರೈಂಡರಿಗೆಂದು ಹಾಕಿಸಿದ್ದ ದಪ್ಪ ವೈರಿನ ಪ್ಲಗ್ಗಿನ ಹತ್ತಿರ ಇಟ್ಟೆ. ವೈರು ಉದ್ದ ಮಾಡುವ ಬದಲು ಗಾಳಿಯ ಪೈಪನ್ನು ಉದ್ದ ಮಾಡಿದೆ. ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿದಾಗ ಮೂರು ಕಡೆ ಗುಳ್ಳೆ ಎದ್ದವು. ಬಿಚ್ಚಿ, ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ ಬಿಗಿದೆ. ಗುಳ್ಳೆ ನಿಂತವು.

ಆದರೂ ಗನ್ ಸುಸ್ತಾಗುವುದು ನಿಲ್ಲಲಿಲ್ಲ. ಸ್ಯಾಂಡರ್ ಹಚ್ಚಿ ನೋಡಿದೆ. ಬಾಗಿಲಿನ ಮೇಲೆ ಅಂಗೈಯಷ್ಟು ಜಾಗ ಉಜ್ಜುವುದರೊಳಗೆ ಅದು ಬೀಸುವ ಕಲ್ಲಿನಂತೆ ನಿಧಾನವಾಗಿ, ನಿಂತಿತು. ಆಗ ಡಬ್ಬಿ ತೆಗೆದು ಆ ಕೆಳಗಿನ ಸಾಲು ಓದಿದೆ. ನಿಮಿಷಕ್ಕೆ ಇಷ್ಟು ಗಾಳಿ ಬೇಕು ಎಂದು ಬರೆದಿತ್ತು. ನಮ್ಮ ಕಂಪ್ರೆಸರ್ ಕೊಡುವುದು ಅದರ ಕಾಲುಭಾಗಕ್ಕಿಂತ ಕಡಿಮೆ.

ನನಗೆ ಅದು ಗೊತ್ತಿಲ್ಲದ ವಿಷಯವಲ್ಲ. ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೆ ಕಾರ್ಖಾನೆಯಲ್ಲಿ ಗೋಡೆಯುದ್ದಕ್ಕೂ ಗಾಳಿಯ ಕೊಳವೆ ಇರುತ್ತದೆ. ಎಲ್ಲಿ ಬೇಕಾದರೂ ಸಿಕ್ಕಿಸಿ, ಎಷ್ಟು ಹೊತ್ತು ಬೇಕಾದರೂ ಒತ್ತಬಹುದು. ಆ ಕೊಳವೆಯ ಇನ್ನೊಂದು ತುದಿಯಲ್ಲಿ ಒಂದು ಕೋಣೆಯಷ್ಟು ದೊಡ್ಡ ಯಂತ್ರ ಹಗಲಿರುಳು ದುಡಿಯುತ್ತಿರುತ್ತದೆ ಎಂಬುದು ಮರೆತೇಹೋಗುತ್ತದೆ. ಕಾವೇರಿ ದಂಡೆಯಲ್ಲಿ ಬೆಳೆದವರು ಬಿಂದಿಗೆ ನೀರಿನಲ್ಲಿ ಈಜಲು ಹೋದಂತಾಯಿತು ನನ್ನ ಕಥೆ.

ಮಾವ ಈ ಸಲ ನಗಲಿಲ್ಲ. ಒಂದು ಉಪಾಯವನ್ನೇ ತಂದರು, ಹೆಗಲ ಮೇಲೆ ಹೊತ್ತು: ಒಂದು ಹಳೆಯ ಅಡುಗೆ ಗ್ಯಾಸಿನ ಸಿಲಿಂಡರ್.

"ಇದ್ನ ಜೋಡಿಸ್ಬುಡು. ಟ್ಯಾಂಕ್ ದೊಡ್ದಾಯ್ತದೆ. ಪಂಚರ್ ಅಂಗಡೀಲಿ ಎಲ್ಲಾ ಇದೇ ಇಟ್ಕೊಂಡವ್ರೆ."

"ಬೇಡ ಮಾವ."

"ಯಾಕವ್ವ? ಗ್ಯಾಸ್ ತಡ್ಕೊಳ್ಳೋ ಸಿಲಿಂಡರು ಗಾಳಿ ತಡ್ಕೊಳ್ಳಲ್ವಾ?"

"ಗಾಳಿ ಜೊತೆ ನೀರೂ ಬರ್ತದೆ ಮಾವ. ನೀರು ತಳದಲ್ಲಿ ಕೂತ್ರೆ ಬಸಿಯೋಕೆ ಇದ್ರಲ್ಲಿ ದಾರಿ ಇಲ್ಲ. ಒಳಗಡೆಯಿಂದ ತಿಂದ್ಕೊಂಡು ಹೋದ್ರೂ ಹೊರಗಡೆ ಪೇಂಟು ಫಳಫಳ ಅಂತಿರ್ತದೆ. ಒಂದಿನ ಒಡೆದ್ರೆ ಅಡುಗೆಮನೆ ಗೋಡೆ ಇರಲ್ಲ. ಅಕ್ಕ ಅಲ್ಲೇ ನಿಂತಿರ್ತಾಳೆ."

"ನಲವತ್ತು ವರ್ಷ ರೋಡಲ್ಲಿದ್ದೋನ್ಗೆ ಹೇಳಕ್ಕೆ ಬಂದ್ಬುಟ್ಳು, ಓದಿರೋಳು," ಎಂದು ಸಿಲಿಂಡರ್ ಎತ್ತಿಕೊಂಡು ಹೋದರು. ಕುರ್ಚಿಯನ್ನೂ ತೆಗೆದುಕೊಂಡು ಹೋದರು. ಮರುದಿನ ಎದುರುಬದುರಾದಾಗ ಮುಖ ತಿರುಗಿಸಿದರು.

ನನಗೂ ಬೇಸರವಾಯಿತು. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕ ಹಿಟ್ಟು ರುಬ್ಬುವುದನ್ನು ನೋಡುತ್ತ ಕೂತಿದ್ದಾಗ ನಿರ್ಧಾರಕ್ಕೆ ಬಂದೆ. ಗ್ರೈಂಡರಿಗೆ ಅವಳು ಅಕ್ಕಿಯನ್ನೆಲ್ಲ ಒಮ್ಮೆಗೇ ಸುರಿಯುವುದಿಲ್ಲ. ಒಂದು ಹಿಡಿ ಹಾಕುತ್ತಾಳೆ. ಅದು ನುರಿಯುವವರೆಗೆ ಉದ್ದು ತೊಳೆಯುತ್ತಾಳೆ, ಪ್ಯಾಕೆಟ್ ಜೋಡಿಸುತ್ತಾಳೆ, ಮತ್ತೊಂದು ಹಿಡಿ ಹಾಕುತ್ತಾಳೆ. ದೊಡ್ಡ ಟ್ಯಾಂಕ್ ಬೇಡ. ಇರುವ ಗಾಳಿಗೆ ತಕ್ಕಂತೆ ಕೆಲಸವನ್ನು ತುಂಡು ಮಾಡಿಕೊಂಡರಾಯಿತು. ಕ್ಷಣಕಾಲದ ಜೋರು ಪೆಟ್ಟು ಬೇಕಾದ ಕಡೆ ಮಾತ್ರ ಗಾಳಿ. ಬಿಡದೆ ಉಜ್ಜುವ ಕೆಲಸಕ್ಕೆ ಕೈ. ಸ್ಯಾಂಡರನ್ನು ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದೆ.

ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಗನ್ನಿನ ಗಾಳಿ ಬಾಯಿಗೂ ಎರಡು ಹನಿ ಎಣ್ಣೆ. ಅಗ್ಗದ ಗನ್ ಬೇಗ ಸಾಯುವುದು ಒಣಗಿಸಿದ್ದಕ್ಕೇ ಹೊರತು ಅಗ್ಗವಾದದ್ದಕ್ಕಲ್ಲ. ಟ್ಯಾಂಕ್ ಪೂರ್ತಿ ತುಂಬಿ ಮೋಟಾರ್ ತಾನೇ ನಿಂತ ಮೇಲೆ ಒತ್ತಿದೆ. ಟಕಟಕಟಕ, ಕಿರ್ ಎಂದು ನಟ್ಟು ಸಡಿಲಾಯಿತು. ಒಂದು ತುಂಬಿದ ಟ್ಯಾಂಕಿಗೆ ಒಂದು ನಟ್ಟು. ಮತ್ತೆ ತುಂಬುವವರೆಗೆ ಬಾಗಿಲಿನ ಹಳೆಯ ಪೇಂಟನ್ನು ಉಪ್ಪುಕಾಗದದಿಂದ ಉಜ್ಜುವುದು. ಅಕ್ಕ ಇನ್ನೊಂದು ಬಾಗಿಲು ಹಿಡಿದಳು. ಅವಳ ಕೈ ನನ್ನ ಕೈಗಿಂತ ಸಮವಾಗಿ ಓಡುತ್ತಿತ್ತು.

ಪಕ್ಕದ ಮನೆಯ ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ, "ಏನ್ರೀ ಅದು ಸದ್ದು, ಮನೇಲಿ ರೈಸ್ ಮಿಲ್ ಹಾಕ್ಬುಟ್ರಾ?" ಎಂದರು. ಮಧ್ಯಾಹ್ನ ಅವರು ಮಲಗುವ ಹೊತ್ತಿನಲ್ಲಿ ಕಂಪ್ರೆಸರ್ ಬಂದ್ ಎಂದು ಒಪ್ಪಂದವಾಯಿತು.

ವ್ಯಾನಿನ ನೆಲದ ರಬ್ಬರ್ ಮ್ಯಾಟ್ ಎತ್ತಿದಾಗ ಹುಳಿ ವಾಸನೆ ಗಪ್ಪೆಂದು ಹೊಡೆಯಿತು. ಅಡಿಯಲ್ಲಿ ಬಿಳಿ ಹೊಪ್ಪಳೆ, ಅದರಡಿಯಲ್ಲಿ ಕೆಂಪು ಪುಡಿ. ತುಕ್ಕು ಹಿಡಿಸಿದ್ದು ಮೈಸೂರಿನ ಮಳೆಯಲ್ಲ. ಒಡೆದ ಪ್ಯಾಕೆಟ್ಟಿನ ಹಿಟ್ಟು ವರ್ಷಾನುಗಟ್ಟಲೆ ಮ್ಯಾಟಿನಡಿಗೆ ಇಳಿದು, ಅಲ್ಲೇ ಹುಳಿಬಂದು, ಉಪ್ಪಿನ ಜೊತೆ ಸೇರಿ ತಗಡನ್ನು ತಿಂದಿತ್ತು. ಮೇಲಿನಿಂದ ಅಕ್ಕ ದಿನಾ ಮ್ಯಾಟ್ ತೊಳೆಯುತ್ತಿದ್ದಳು. ಆ ನೀರೂ ಕೆಳಗೇ ಹೋಗುತ್ತಿತ್ತು.

"ಅಯ್ಯೋ, ನಮ್ಮ ಹಿಟ್ಟು ಅಷ್ಟೊಂದು ಸ್ಟ್ರಾಂಗಾ!" ಎಂದಳು ಅಕ್ಕ. ಆಮೇಲೆ "ಇಷ್ಟು ಶುದ್ಧವಾಗಿ ಇಟ್ಕೊಂಡಿದ್ದೇ ತಪ್ಪಾಯ್ತಾ?" ಎಂದು ಕೇಳಿದಳು.

"ತೊಳ್ದಿದ್ದು ತಪ್ಪಲ್ಲ. ಮ್ಯಾಟ್ ಎತ್ತಿ ಒಣಗಿಸ್ಬೇಕಿತ್ತು."

ಗಾಳಿಯ ಉಳಿ ಇಲ್ಲಿ ತನ್ನ ಬೆಲೆ ತೋರಿಸಿತು. ಕೊಳೆತ ತಗಡಿನ ಅಂಚಿಗೆ ಇಟ್ಟು ಒಂದು ಬಾರಿ ಒತ್ತಿದರೆ ಗೇಣುದ್ದ ಸೀಳು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸುತ್ತ ಹೋದೆ. ಕೊನೆಗೆ ನೆಲದಲ್ಲಿ ಒಂದು ಕಿಟಕಿಯಷ್ಟು ತೂತು. ಅದರ ಮೂಲಕ ಕೊಟ್ಟಿಗೆಯ ಕಲ್ಲುಚಪ್ಪಡಿ ಕಾಣುತ್ತಿತ್ತು. ಮುಂದೆ ಸರಿಯಾಗದಿದ್ದರೆ ಇದು ನಿಜವಾಗಿಯೂ ಗುಜರಿಯೇ. ಹೊಸ ತಗಡನ್ನು ಅಳತೆಗೆ ಕತ್ತರಿಸಿ ಕೂರಿಸಿದೆ. ವೆಲ್ಡಿಂಗ್ ಮಾತ್ರ ನನ್ನ ಕೈಯದಲ್ಲ. ಅದಕ್ಕೆ ವೆಲ್ಡರ್ ಒಬ್ಬರನ್ನು ಮನೆಗೇ ಕರೆಸಿದೆ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟದ್ದನ್ನು ಕಣ್ಣಾರೆ ನೋಡುವವರೆಗೆ ಅವರು ಕಿಡಿ ಹೊತ್ತಿಸಲು ಒಪ್ಪಲಿಲ್ಲ. ನಾನು ಅದನ್ನು ಆಗಲೇ ಇಳಿಸಿ ಹಿತ್ತಲಲ್ಲಿ ಇಟ್ಟಿದ್ದೆ.

ಬ್ರೇಕಿನ ಡ್ರಮ್ ತೆಗೆದಾಗ ಎಡಗಡೆಯ ಬ್ರೇಕ್ ಸಿಲಿಂಡರಿನ ರಬ್ಬರ್ ಹರಿದು ಎಣ್ಣೆ ಸೋರಿದ್ದು ಕಂಡಿತು. ಅಲ್ಲಿನ ಕರಿ ಧೂಳನ್ನು ಗಾಳಿಯ ಗನ್ನಿನಿಂದ ಊದಲಿಲ್ಲ. ಬ್ರೇಕ್ ಧೂಳು ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಹೊಸ ರಬ್ಬರು, ಹೊಸ ಲೈನರ್ ಹಾಕಿದ ಮೇಲೆ ಬ್ರೇಕ್ ಎಣ್ಣೆಯ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಬೇಕು. ಅದಕ್ಕೆ ಒಬ್ಬರು ಒಳಗೆ ಕೂತು ಪೆಡಲ್ ಒತ್ತುತ್ತಿರಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಬಿಚ್ಚಿ ಮುಚ್ಚಬೇಕು. ಅಕ್ಕ ಹಿಟ್ಟು ಹಾಕಲು ಹೋಗಿದ್ದಳು. ಎದುರು ಮನೆಯ ಬಾಗಿಲಿಗೆ ಹೋಗಿ ನಿಂತೆ.

"ಮಾವ, ಪೆಡಲ್ ಒತ್ತೋಕೆ ಒಂದು ಕಾಲು ಬೇಕಾಗಿತ್ತು."

"ಯಾಕೆ, ಕಾಲೇಜಲ್ಲಿ ಕಾಲು ಕೊಡ್ಲಿಲ್ವಾ?" ಎಂದರು. ಆದರೆ ಚಪ್ಪಲಿ ಮೆಟ್ಟಿಕೊಂಡರು.

ಅವರಷ್ಟು ಚೆನ್ನಾಗಿ ಪೆಡಲ್ ಒತ್ತುವವರನ್ನು ನಾನು ಕಂಡಿಲ್ಲ. ನಾನು "ಹಿಡೀರಿ" ಎಂದರೆ ಹಿಡಿಯುತ್ತಿದ್ದರು, "ಬಿಡಿ" ಎಂದರೆ ಬಿಡುತ್ತಿದ್ದರು. ಗುಳ್ಳೆ ಬರುವುದು ನಿಂತು ಬರೀ ಎಣ್ಣೆ ಬಂದಾಗ ಒಳಗಿನಿಂದಲೇ ಹೇಳಿದರು: "ಈಗ ಬಂತು ಕಣವ್ವ ಪೆಡಲ್ ಗಟ್ಟಿ." ಮರುದಿನದಿಂದ ಕುರ್ಚಿ ಮತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂತು.

ಪೇಂಟಿನಲ್ಲಿ ಮತ್ತೊಂದು ಪೆಟ್ಟು ಬಿತ್ತು. ಮೋಡ ಕವಿದ ದಿನ, ಆತುರದಲ್ಲಿ ಮೊದಲ ಬಾಗಿಲಿಗೆ ಬಿಳಿ ಬಣ್ಣ ಹೊಡೆದೆ. ಒಣಗಿದ ಮೇಲೆ ನೋಡಿದರೆ ಕಾವಲಿಯ ಮೇಲಿನ ದೋಸೆಯಂತೆ ಮೈತುಂಬ ಸಣ್ಣ ತೂತುಗಳು. ಪೈಪಿನಲ್ಲಿ ಗಾಳಿಯ ಜೊತೆ ನೀರು ಬಂದಿತ್ತು. ಟ್ಯಾಂಕಿನ ತಳದ ತಿರುಪು ಬಿಚ್ಚಿದೆ. ಕಂದು ನೀರು ಬುಸ್ಸೆಂದು ಹೊರಬಂದು ಗಂಜಲ ಹರಿಯಲೆಂದು ಅಜ್ಜ ಕೊಟ್ಟಿಗೆಯಿಂದ ಹಿತ್ತಲವರೆಗೆ ಮಾಡಿಸಿದ್ದ ಕಾಲುವೆಯಲ್ಲಿ ಹರಿದುಹೋಯಿತು. ಕಾರ್ಖಾನೆಯಲ್ಲಿ ಇದಕ್ಕೆ ಮಾಡುವುದನ್ನೇ ಇಲ್ಲೂ ಮಾಡಿದೆ: ಕಂಪ್ರೆಸರಿನಿಂದ ಬರುವ ಕೊಳವೆಯನ್ನು ಮೊದಲು ಜಂತೆಯವರೆಗೆ ಏರಿಸಿ, ಅಲ್ಲಿಂದ ತುಸು ಇಳಿಜಾರಾಗಿ ಒಯ್ದು, ಕೊನೆಯಲ್ಲಿ ನೀರು ಕೂರಲು ತುದಿ ಮುಚ್ಚಿದ ಒಂದು ಕೊಳವೆಯನ್ನು ಕೆಳಮುಖವಾಗಿ ಬಿಟ್ಟು, ಅದರ ಮೇಲ್ಭಾಗದಿಂದ ಸ್ಪ್ರೇ ಗನ್ನಿಗೆ ಗಾಳಿ ತೆಗೆದುಕೊಂಡೆ. ದಾರಿಯಲ್ಲಿ ಗಾಳಿ ತಣ್ಣಗಾಗುತ್ತದೆ, ನೀರು ಬೇರೆಯಾಗುತ್ತದೆ. ಬಾಗಿಲನ್ನು ಉಜ್ಜಿ ಮತ್ತೆ ಮೊದಲಿನಿಂದ ಹೊಡೆದೆ. ಒಂದು ಸಲಕ್ಕೆ ಒಂದೇ ಭಾಗ. ಬಾಗಿಲಾದ ಮೇಲೆ ಬಾಗಿಲು, ಟ್ಯಾಂಕ್ ತುಂಬಿಸಿಕೊಂಡು. ಮಾವ ಪೈಪು ಹಸಿ ಪೇಂಟಿಗೆ ತಾಗದಂತೆ ಎತ್ತಿ ಹಿಡಿದು ನನ್ನ ಹಿಂದೆ ಹಿಂದೆ ನಡೆದರು. ಅಡಿಭಾಗಕ್ಕೆ ಕರಿ ಬಣ್ಣ ಹೊಡೆಯುವ ಹೊತ್ತಿಗೆ ಕೈ ಎಷ್ಟು ಕುದುರಿತ್ತೆಂದರೆ ಒಂದು ಇಂಚನ್ನೂ ಬಿಡಲಿಲ್ಲ.

ಬಿಡಬೇಕಾಗಿತ್ತು. ಗಡುವಿನ ಕೊನೆಯ ದಿನ ಅದೇ ಇನ್‌ಸ್ಪೆಕ್ಟರ್ ಮುಂದೆ ನಿಂತಾಗ ಅದು ಗೊತ್ತಾಯಿತು. ಅವರು ನೆಲವನ್ನು ಚುಚ್ಚಿದರು. ಸ್ಕ್ರೂಡ್ರೈವರ್ ಠಣ್ ಎಂದಿತು. ಬ್ರೇಕ್ ಹಾಕಿಸಿದರು, ವ್ಯಾನ್ ನೇರವಾಗಿ ನಿಂತಿತು. ನಂತರ ಗಾಡಿಯ ಅಡಿ ಚೌಕಟ್ಟಿಗೆ ಕೊರೆದ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಹೋದರು. ಕಾಗದದ ಮೇಲೆ ಬರೀ ಕಪ್ಪು ಬಂತು.

"ನಂಬರ್ ಎಲ್ಲಮ್ಮ? ನಂಬರ್ ಇಲ್ದೆ ಇದು ಯಾರ ಗಾಡಿ ಅಂತ ಪಾಸ್ ಮಾಡ್ಲಿ?"

ಅಕ್ಕ ನನ್ನ ಮುಖ ನೋಡಿದಳು. ಅಷ್ಟು ಪ್ರೀತಿಯಿಂದ ಹೊಡೆದ ಕರಿ ಬಣ್ಣ ಅಂಕಿಗಳ ಗೀರುಗಳಲ್ಲಿ ತುಂಬಿಕೊಂಡಿತ್ತು.

"ಸರ್, ನಂಬರ್ ಅಲ್ಲೇ ಇದೆ. ಪೇಂಟ್ ಕೂತಿದೆ ಅಷ್ಟೆ. ಸ್ವಲ್ಪ ಹೊತ್ತು ಕೊಡಿ."

"ಕೆರೀಬೇಡಿ ಮತ್ತೆ. ಅಂಕಿ ಅಳಿಸಿದ್ರೆ ನನ್ ಕೈಲೂ ಏನೂ ಆಗಲ್ಲ. ಈ ಸಾಲು ಮುಗಿಯೋದ್ರೊಳಗೆ ಬನ್ನಿ."

ನಮ್ಮ ಹಿಂದೆ ಇನ್ನು ನಾಲ್ಕೈದು ಗಾಡಿಗಳಷ್ಟೇ ಇದ್ದವು. ಗೇಟಿನ ಹೊರಗೆ ನಂಬರ್ ಪ್ಲೇಟ್ ಬರೆಯುವವನ ಹತ್ತಿರ ಓಡಿ ಒಂದು ಮುಚ್ಚಳ ಪೇಂಟ್ ಕರಗಿಸುವ ಥಿನ್ನರ್ ಬೇಡಿ ತಂದೆ. ಅಕ್ಕ ತನ್ನ ಕರ್ಚೀಫ್ ಕೊಟ್ಟಳು. ನೆಲದ ಮೇಲೆ ಮಲಗಿ, ಒದ್ದೆ ಮಾಡಿ, ಒತ್ತಿ ಹಿಡಿದು, ಎತ್ತಿದೆ, ಉಜ್ಜಲಿಲ್ಲ. ಮತ್ತೆ ಒದ್ದೆ, ಮತ್ತೆ ಒತ್ತು. ಕರ್ಚೀಫ್ ಕಪ್ಪಾಗುತ್ತ ಹೋದಂತೆ ಒಂದೊಂದೇ ಅಂಕಿ ಕಬ್ಬಿಣದಿಂದ ಮೇಲೆದ್ದು ಬಂತು. ಇನ್‌ಸ್ಪೆಕ್ಟರ್ ಮತ್ತೆ ಪೆನ್ಸಿಲ್ ಉಜ್ಜಿದರು. ಕಾಗದದ ಮೇಲೆ ಇಡೀ ಸಾಲು ಸ್ಪಷ್ಟವಾಗಿ ಮೂಡಿತು. ಅಕ್ಕ ಉಸಿರು ಬಿಟ್ಟದ್ದು ವ್ಯಾನಿನಡಿಯಲ್ಲಿದ್ದ ನನಗೂ ಕೇಳಿಸಿತು.

"ಯಾವ ಗ್ಯಾರೇಜ್‌ನಲ್ಲಿ ಮಾಡಿಸಿದ್ರಿ?" ಎಂದು ಅವರು ಕೇಳಿದರು.

"ನಮ್ಮ ಕೊಟ್ಟಿಗೇಲಿ ಸರ್," ಎಂದೆ. ತಮಾಷೆ ಎಂದುಕೊಂಡರೋ ಏನೋ, ತಲೆಯಾಡಿಸಿ ಸಹಿ ಹಾಕಿದರು.

ಮಧ್ಯಾಹ್ನದ ಮೇಲೆ ಆಫೀಸಿನ ಕಿಟಕಿಯಲ್ಲಿ ಅಕ್ಕನ ಹೆಸರು ಕೂಗಿದರು. ನಾನು ಮುಂದೆ ಹೋಗಲಿಲ್ಲ. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಎಫ್‌ಸಿ ತೆಗೆದುಕೊಂಡಳು. ಜನರಿಂದ ಸ್ವಲ್ಪ ದೂರ ಬಂದು, ತನ್ನ ಹೆಸರಿನ ಕೆಳಗೆ ಬೆರಳು ಓಡಿಸಿದಳು. ಎರಡು ಸಲ ಓದಿದಳು.

"ಎಸ್ಸೆಸ್ಸೆಲ್ಸಿ ಮೂರ್ ಸಲ ಕಟ್ಟಿದ್ದೆ ಕಣೆ," ಎಂದಳು. "ಸರ್ಕಾರದೋರು ನಂಗೆ ಪಾಸು ಅಂದಿರೋದು ಇದೇ ಮೊದ್ಲು. ನಡಿ, ಅಕ್ಕಿ ನೆನೆಹಾಕ್ಬೇಕು."